ಒಳಜೇಬು

ಹೆಂಗಸರ ಮೈ ಅಪ್ಪ ಮುಟ್ಟುವ ಹಾಗಿರಲಿಲ್ಲ.
ಹತ್ತು ವರ್ಷದ ನನ್ನ ಕೊರಳಿಗೆ ಟೇಪು,
ಅಪ್ಪನ ಕಿವಿಸಂದಿಗೆ ಪೆನ್ಸಿಲು,
ನಡುವೆ ಹಳೇ ಪಂಚೆಯ ಪರದೆ.
ಒಳಗಿಂದ ನಾನು ಕೂಗುವುದು: ಎದೆ ಮೂವತ್ತೆರಡು.
ಹೊರಗಿಂದ ಅಪ್ಪ: ತೋಳು?

ಸಾಗರದ ಪೇಟೆಗೆ ದೊಡ್ಡಮನೆಯ ಒಡತಿ ಬಂದದ್ದೇ ಇಲ್ಲ,
ಆಳಿನ ಕೈಲಿ ಅಳತೆಯ ರವಿಕೆ ಬರುತ್ತಿತ್ತು.
ಗೇಣಿ ಒಕ್ಕಲಿನ ಹೆಂಗಸರು
ಸೌದೆ ಹೊತ್ತು ಅಂಗಡಿ ದಾಟುವರು,
ಸೀರೆ ಮೊಣಕಾಲಿಗೇ ನಿಂತು,
ಹೆಗಲ ಮೇಲೊಂದು ಗಂಟು. ರವಿಕೆಯಿಲ್ಲ.
ಯಾಕೆ ಅಂದರೆ ಅಪ್ಪ ಹಲ್ಲಲ್ಲಿ ದಾರ ಕಡಿದು
"ಒಡೇರಿಗೆ ಆಗೋದಿಲ್ಲ" ಅನ್ನುವನು.

ಅದು ಕೊಳಗದ ಜಗಳದ ವರ್ಷ.
ಕೊಡುವಾಗ ಒಂದು ಕೊಳಗ, ಅಳೆದುಕೊಳ್ಳುವಾಗ ಇನ್ನೊಂದು.
ಗದ್ದೆಗಿಳಿದವರನ್ನು ರೈಲು ಹತ್ತಿಸಿದರು,
ಹೆಂಗಸರನ್ನೂ, ಶಿವಮೊಗ್ಗೆಯ ಜೈಲಿಗೆ.

ದೀಪಾವಳಿ ಕಳೆದು ಗುತ್ಯಮ್ಮ ಬಂದಳು,
ಕಂಬ ಹಿಡಿದು ನಿಂತೇ ಅಂದಳು:
"ಜೇಲಲ್ಲಿ ಒಂದು ಕೊಟ್ಟಿದ್ರು, ಬಿಳೀದು, ದಪ್ಪಂದು.
ಬಿಡುವಾಗ ಬಿಚ್ಚಿಸ್ಕಂಡ್ರು,
ಸರ್ಕಾರದ್ದಂತೆ.
ಒಂದೂವರೆ ತಿಂಗಳು ಹಾಕ್ಕಂಡಿದ್ದಕ್ಕೆ
ಈಗ ಬೆನ್ನಿಗೆ ಚಳಿ ಗೊತ್ತಾಗ್ತದೆ.
ಅಂಥದೇ ಹೊಲಿ. ಬಣ್ಣದ್ದು."

ಪರದೆಯೊಳಗೆ ಟೇಪು ಬಿಚ್ಚಿದೆ. ಕೈ ಹಿಡಿದಳು.
"ಏ ಕೂಸೇ, ಯಾರ ಮನೆ ಟೇಪಿದು?"
ನಮ್ಮದೇ.
"ತಗಳಕ್ಕೊಂದು ಕೊಡಕ್ಕೊಂದು ಇಟ್ಟಿದೀರಾ?"
ಹೊರಗೆ ಮಿಷನ್ನಿನ ಚಕ್ರ ನಿಂತಿತು.

ಟೇಪನ್ನು ನೆಲಕ್ಕೆ ಹಾಸಿ, ಮಂಡಿಯೂರಿ,
ಅಳೆದಳು ಅದನ್ನೇ ತನ್ನ ಗೇಣಿನಿಂದ:
ಹೆಬ್ಬೆರಳು, ಕಿರುಬೆರಳು, ಮತ್ತೆ ಹೆಬ್ಬೆರಳು.
ಗೇಣಿ ಕೊಟ್ಟು ಕೊಟ್ಟು ಸವೆದ ಕೈ
ಗೇಣು ಮಾತ್ರ ಸವೆದಿರಲಿಲ್ಲ.
ಆ ತುದಿಯಿಂದ ಏಳೂವರೆ.
ಈ ತುದಿಯಿಂದಲೂ ಏಳೂವರೆ.
"ಸರಿ. ಈಗ ಅಳಿ ನನ್ನ."

ಭುಜ ಹದಿನೇಳು.
ನಾನು ತಪ್ಪಿದೆನೆಂದು ಅಪ್ಪ ಮೂರು ಸಲ ಕೇಳಿದ.
ಹದಿನೇಳೇ.
ಅಂಗಡಿಯ ಯಾವ ಪಡಿಯಚ್ಚೂ ಕೂಡಲಿಲ್ಲ,
ಹಳೇ ಪಂಚಾಂಗದ ಹಾಳೆ ಅಂಟಿಸಿ ಹೊಸದು ಕತ್ತರಿಸಿದ.

"ಎಡಕ್ಕೆ ಒಳಗೊಂದು ಜೇಬಿಡು."
ರವಿಕೆಗೆ ಜೇಬೆ?
"ಇನ್ನು ಭತ್ತಕ್ಕೆ ರಸೀದಿ ಕೊಡಬೇಕವರು.
ಎಲ್ಲಿಟ್ಕಳ್ಲಿ, ತುರುಬಲ್ಲ?"

ಆಮೇಲೆ ಹನ್ನೊಂದು ಜನ ಬಂದರು. ಎಲ್ಲರಿಗೂ ಜೇಬು.
ಒಬ್ಬಳಿಗೆ ಕಂಕುಳು ಹಿಡಿಯಿತು,
ಕುಡುಗೋಲು ಎತ್ತಲಾಗದೆ ವಾಪಸು ತಂದಳು.
ಒಬ್ಬಳದು ಗೂಟಕ್ಕೇ ತೂಗಿತಂತೆ, ಸೆಖೆಯೆಂದು.
ಗುತ್ಯಮ್ಮನ ಅತ್ತೆ ಮಾತ್ರ,
"ನಂಗೆ ಬ್ಯಾಡ, ಉಸಿರು ಕಟ್ತದೆ" ಅಂದು
ಬರೀ ಭುಜದಲ್ಲಿ ನಕ್ಕು
ಎಲೆಯಡಿಕೆ ಜಗಿಯುತ್ತ ಜಗಲಿಯಲ್ಲಿ ಕೂತಿದ್ದಳು.

ಸಂಕ್ರಾಂತಿಯ ಮುಂಚೆ ದೊಡ್ಡಮನೆಯ ಆಳು ಬಂದ.
ರೇಷ್ಮೆಯ ತುಂಡು, ಅಳತೆಯ ರವಿಕೆ,
ಮಡಿಕೆಯೊಳಗೆ ಒಂದು ಚೀಟಿ.
ದುಂಡಕ್ಷರ:
ಎಡಕ್ಕೆ ಒಳಗೊಂದು ಜೇಬು. ಯಾರಿಗೂ ಹೇಳಬಾರದು.

ಏನಿಡುವುದಿತ್ತೋ ಅವಳಿಗೆ.
ಯಾವ ರಸೀದಿ, ಯಾರಿಂದ.

ಅಪ್ಪ ಚೀಟಿ ಓದಿ ಒಲೆಗೆ ಹಾಕಿದ.
ಬಟ್ಟೆಯ ಬಣ್ಣದ ದಾರವನ್ನೇ ಪೋಣಿಸಿದ.
ಹಿಂತಿರುಗಿಸಲು ಮಡಿಸುವಾಗ
ಅಳತೆಯ ರವಿಕೆಯ ಒಳಮೈ ನೋಡಿದೆ:
ಎಡಕ್ಕೆ, ನಾಲ್ಕು ಬೆರಳಗಲ,
ಕೈಸೂಜಿಯಲ್ಲಿ ಯಾರೋ ಸೊಟ್ಟಗೆ ಹೊಲಿದು
ಬಿಚ್ಚಿದ ತೂತುಗಳ ಸಾಲು.