ಅಂಕಪಟ್ಟಿಯಲ್ಲಿ ಕಪ್ಪೆಗೆ ಜಾಗವಿಲ್ಲ

ಹತ್ತೊಂಬತ್ತು ಚಳಿಗಾಲ ಈ ಕೆಲಸ ಮಾಡಿದ್ದೇನೆ.
ಎಳೆಯ ಡಾಕ್ಟರುಗಳನ್ನು ಆರಿಸುವುದು ಹಳೆಯ ಡಾಕ್ಟರುಗಳ ಕೆಲಸ,
ವಿಮಾನದಿಂದ ಇಳಿಸಿಕೊಂಡು ಬರುವುದು ನನ್ನದು:
ಐಲಿ ಕೊಸ್ಕೆಲಾ, ರೆಸಿಡೆನ್ಸಿ ಕಚೇರಿ,
ಎರಡನೇ ಮಹಡಿ, ಲಿಫ್ಟಿನ ಎಡಕ್ಕೆ.

ಆಗೆಲ್ಲ ನನಗೆ ನನ್ನವೇ ಪರೀಕ್ಷೆಗಳಿದ್ದವು.
ಬಾಗಿಲಲ್ಲಿ ಬೂಟಿನ ಹಿಮ ಕೊಡವುವವರೆಷ್ಟು,
ನೆಲ ಒರೆಸುವ ಮಾರ್ವಿನ್‌ನ ಒದ್ದೆ ಗೆರೆಯನ್ನು
ಸುತ್ತಿ ಹೋಗುವವರೆಷ್ಟು, ತುಳಿದು ಹೋಗುವವರೆಷ್ಟು.
ಮೀನಿನ ಸಾರು ತಂದಿಟ್ಟ ಹುಡುಗಿಗೆ
ಕಣ್ಣೆತ್ತಿ ಥ್ಯಾಂಕ್ಸ್ ಅಂದವರ ಹೆಸರಿನ ಪಕ್ಕ
ಪೆನ್ಸಿಲಿನಲ್ಲಿ ಒಂದು ಚುಕ್ಕಿ.
ಒಂದು ಅಗುಳು ಹಿಸುಕಿದರೆ ಸಾಕಿತ್ತು.
ಡಾಕ್ಟರ್ ಹಾಲ್ವರ್ಸನ್ ಚುಕ್ಕಿಗಳನ್ನು ನೋಡುತ್ತಿದ್ದರು,
ನೋಡಿಲ್ಲ ಅನ್ನುತ್ತಿದ್ದರು.

ಈ ವರ್ಷ ಯಾರೂ ಬರುವ ಹಾಗಿಲ್ಲ.
ಎಲ್ಲರೂ ಕನ್ನಡಿಯೊಳಗಿನ ಗಂಟು.
ಎದೆಯಿಂದ ಮೇಲಷ್ಟೇ ಮನುಷ್ಯರು,
ಎಲ್ಲರ ಹಿಂದೆಯೂ ಅದೇ ಪುಸ್ತಕದ ಕಪಾಟು, ಅದೇ ಹಸಿರು ಗಿಡ,
ಕೆಲವರದು ಗಿಡದ ಚಿತ್ರ.
ಒಬ್ಬ ನೀರಿಗೆಂದು ಎದ್ದಾಗ ಕೋಟಿನ ಕೆಳಗೆ ಪೈಜಾಮ ಕಂಡಿತು;
ಮೆಚ್ಚಿದೆ. ಅದಕ್ಕೆ ಚುಕ್ಕಿ ಇಡಲಾದೀತೆ?

ನಾವೇನು ಕಡಿಮೆ.
ಟ್ಯಾಬ್ಲೆಟ್ಟನ್ನು ಹಾಸಿಗೆಬಟ್ಟೆಯ ತಳ್ಳುಗಾಡಿಗೆ ಕಟ್ಟಿ
ಆಸ್ಪತ್ರೆಯನ್ನೆಲ್ಲ ತೋರಿಸಿದೆ:
ಇದು ತುರ್ತು ಘಟಕ, ಇದು ಹೆರಿಗೆ ಕೋಣೆ,
ಇದು ರಾತ್ರಿ ಪಾಳಿಯವರು ಮಲಗಬಹುದಾದ ಮಂಚ.
ಮಲಗಿದ್ದನ್ನು ನಾನು ಕಂಡಿಲ್ಲ ಎಂದು ಹೇಳಲಿಲ್ಲ.
ಸೋರುವ ಚಾವಣಿಯ ಕೆಳಗಿನ ಬಕೆಟ್ಟು ಬಂದಾಗ
ಗಾಡಿಯನ್ನು ಕಿಟಕಿಗೆ ತಿರುಗಿಸಿ
‘ನೋಡಿ, ಸುಪೀರಿಯರ್ ಸರೋವರ’ ಎಂದೆ.
ಅವರಿಗೆ ಅವರ ಕಪಾಟು, ನಮಗೆ ನಮ್ಮ ಸರೋವರ.

ಜನವರಿಯ ಒಂದು ಮಂಗಳವಾರ, ಸಂಜೆ ಐದು.
ದಿನದ ಕೊನೆಯ ಹೆಸರು, ಯಾರಿತ್ಸಾ ಕಿನ್ಯೋನೆಸ್,
ಪೋರ್ಟೊ ರಿಕೊದ ಮಾಯಾಗ್ವೆಸ್ ಊರು. ಅಲ್ಲಿ ಆರು ಗಂಟೆ.
ಹಾಲ್ವರ್ಸನ್ ಬಾಯಿಪಾಠದ ಪ್ರಶ್ನೆ ಕೇಳಿದರು:
‘ನೀವು ತಪ್ಪು ಮಾಡಿದ ಒಂದು ಸಂದರ್ಭ ಹೇಳಿ.’
ಅವಳೂ ಬಾಯಿಪಾಠದ ತಪ್ಪನ್ನೇ ಹೇಳಹೊರಟಿದ್ದಳು,
ಕೊನೆಗೆ ಎಲ್ಲರಿಗೂ ಒಳ್ಳೆಯದಾಗುವಂಥದ್ದು.
ಅಷ್ಟರಲ್ಲಿ ಕರೆಂಟು ಹೋಯಿತು.

ಚೌಕ ಕಪ್ಪಾಯಿತು.
‘ಕ್ಷಮಿಸಿ, ಇಲ್ಲಿದು ದಿನಾ ಇದ್ದದ್ದೇ’
ಫೋನಿನಿಂದ ಮರಳಿ ಬಂದಳು, ಬರೀ ದನಿ.
ದನಿಯ ಹಿಂದೆ, ಕಿಟಕಿ ತೆರೆದಿರಬೇಕು,
ಕೊ-ಕೀ, ಕೊ-ಕೀ,
ನೂರಾರು, ಒದ್ದೊದ್ದೆ, ಎಲ್ಲ ದಿಕ್ಕಿನಿಂದ.
‘ಅದೇನು, ಅಲಾರಮ್ಮೇ?’ ಅಂದರು ಹಾಲ್ವರ್ಸನ್.
‘ಕಪ್ಪೆ. ಹೆಬ್ಬೆರಳಿನಷ್ಟಿರುತ್ತದೆ, ಸರ್.
ಅದನ್ನು ಮ್ಯೂಟ್ ಮಾಡಲಾಗುವುದಿಲ್ಲ.’

ಆಮೇಲೆ ಕತ್ತಲಲ್ಲಿ ಬೇರೆಯೇ ತಪ್ಪನ್ನು ಹೇಳಿದಳು.
ಒಬ್ಬ ಮುದುಕ. ಮೂರು ಸಲ ಕರೆದನಂತೆ.
ಎರಡು ಸಲ ಇವಳು ‘ಬಂದೆ’ ಅಂದಳಂತೆ.
ಇದರಿಂದ ಏನು ಕಲಿತೆ ಎಂದು ಅವಳು ಹೇಳಲಿಲ್ಲ.
ಹಾಲ್ವರ್ಸನ್ ಕೇಳಲಿಲ್ಲ.
ಕಪ್ಪೆಗಳು ಮಾತ್ರ ಕೇಳುತ್ತಲೇ ಇದ್ದವು.

ಅಂಕಪಟ್ಟಿಯಲ್ಲಿ ಏಳು ಕಾಲಮ್ಮು.
ಸಂವಹನದ ಎದುರು ಯಾರೋ ‘ಅಡಚಣೆ’ ಎಂದು ಬರೆದು
ಐದಕ್ಕೆ ಎರಡು ಕೊಟ್ಟಿದ್ದರು.
ಡ್ರಾಯರಿನ ತಳದಿಂದ ಪೆನ್ಸಿಲು ಹುಡುಕಿದೆ,
ಮೊನೆ ಮುರಿದಿತ್ತು,
ಕತ್ತರಿಯಲ್ಲಿ ಕೆತ್ತಿ ಒಂದು ಚುಕ್ಕಿ ಇಟ್ಟೆ.

ಅವಳ ಪಾದದ ಅಳತೆ ಕೇಳಬೇಕೆನಿಸಿತು;
ಇಲ್ಲಿ ಬೂಟು ಕೊಳ್ಳುವುದೆಂದರೆ ಸುಲಭವಲ್ಲ.
ಕೇಳುವಂತಿಲ್ಲ. ಆಸೆ ಹುಟ್ಟಿಸಿದಂತಾಗುತ್ತದೆ, ನಿಯಮವಿದೆ.

ಕಾರಿನ ಗಾಜಿನ ಹಿಮ ಕೆರೆಯುತ್ತಿದ್ದಾಗ
ಸರೋವರ ಒಮ್ಮೆ ನರಳಿತು, ಮಂಜುಗಡ್ಡೆ ಬಿರಿಯುವಾಗಿನ ಹಾಗೆ,
ಯಾರೋ ದೊಡ್ಡ ಬಾಗಿಲನ್ನು ಅರ್ಧ ತೆಗೆದು ಬಿಟ್ಟ ಹಾಗೆ.
ಗ್ಲೌಸು ಕಳಚಿ ಫೋನನ್ನು ಅತ್ತ ಹಿಡಿದೆ.
ಹನ್ನೊಂದು ಸೆಕೆಂಡು ಸಿಕ್ಕಿತು, ಅದರಲ್ಲಿ ಗಾಳಿಯೇ ಹೆಚ್ಚು.
ಕಳಿಸುವಂತಿಲ್ಲ, ಅಳಿಸಿಲ್ಲ.
ಪಟ್ಟಿ ಹೊರಬೀಳುವುದು ಮಾರ್ಚಿನಲ್ಲಿ.
ಬೆರಳಿಗೆ ಜೀವ ಬರಲು
ಮನೆಯವರೆಗೂ ಬೇಕಾಯಿತು.