ನಲವತ್ತೆಂಟನೆಯ ಗಂಟೆ

ಟ್ರೋಮ್ಸೊದಲ್ಲಿ ಜನವರಿಯ ಬೆಳಗು, ಸೂರ್ಯನ ಸುಳಿವಿಲ್ಲ.
ಬೀಕರುಗಳ ಕೆಳಗೆ ದೀಪ ಹಚ್ಚಿ ಎಣಿಸುತ್ತೇನೆ
ನೀರುಚಿಗಟಗಳನ್ನು. ಸಾಸಿವೆಗಿಂತ ಚಿಕ್ಕ ಮೈ,
ಗಾಜಿನಂಥ ಚರ್ಮ; ಒಳಗೆ ಬಡಿಯುವ ಗುಂಡಿಗೆ
ಯಾರಿಂದಲೂ ಮುಚ್ಚಿಟ್ಟದ್ದಲ್ಲ.

ಎಡಸಾಲಿಗೆ ಹಳೆಯ ನೊರೆ, ಫ್ಲೋರಿನ್ ಇದ್ದದ್ದು.
ಬಲಸಾಲಿಗೆ ಹೊಸದು, ಇಲ್ಲದ್ದು;
ಅದರ ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ.

ಎಡಕ್ಕೆ ಹತ್ತರಲ್ಲಿ ಒಂಬತ್ತು ಕುಪ್ಪಳಿಸುತ್ತಿವೆ.
ಬಲಕ್ಕೆ ಎರಡು.
ಉಳಿದವು ತಳದಲ್ಲಿ, ರವೆ ಚೆಲ್ಲಿದ ಹಾಗೆ.

ಚೀಟಿ ಅದಲುಬದಲಾಯಿತೇ? ಗಾಜು ತಿರುಗಿಸಿ ನೋಡಿದೆ.
ಇಲ್ಲ.

ಹಳೆಯ ನೊರೆಯ ಕ್ಯಾನು ತಂದುಕೊಟ್ಟವನು ಟೊರ್ಮೋಡ್,
ಫ್ಯೋರ್ಡಿನ ದಡದ ಪುಟ್ಟ ವಿಮಾನ ನಿಲ್ದಾಣದಲ್ಲಿ
ಬೆಂಕಿ ಆರಿಸುತ್ತಿದ್ದವನು.
ಪ್ರತಿ ಗುರುವಾರ ಗುಂಡಿಗೆ ಎಣ್ಣೆ ಸುರಿದು, ಕಡ್ಡಿ ಗೀರಿ,
ನೊರೆ ಹೊದಿಸುವ ತಾಲೀಮು.
"ಮಲಗಿದ ಕೂಸಿಗೆ ಕಂಬಳಿ ಹೊದಿಸಿದಷ್ಟು ಮೆತ್ತಗೆ" ಎನ್ನುತ್ತಾನೆ.
ಜುಲೈನಲ್ಲಿ ಮಕ್ಕಳು ಬಂದು ಅದರಲ್ಲಿ ಹೊರಳುತ್ತಿದ್ದರಂತೆ;
ಅವನ ಮಗಳು ನೊರೆಯ ಗಡ್ಡ ಮೆತ್ತಿಕೊಂಡ ಫೋಟೋ ಇದೆ.
ಅವನು ನಿವೃತ್ತನಾಗಿ ಒಂಬತ್ತು ವರ್ಷ.
ರಕ್ತ ಇನ್ನೂ ಕೆಲಸ ಬಿಟ್ಟಿಲ್ಲ.

ಗುಳ್ಳೆ ಅಂದರೆ ಒಡೆಯುವಂಥದ್ದು ಎಂದೇ ನಂಬಿದ್ದೆವು.
ಒಡೆದದ್ದು ಗುಳ್ಳೆ ಮಾತ್ರ.

ಹೊಸದು ಸಾಬೂನಿನ ಸಂಬಂಧಿ. ಮುಟ್ಟಿದ್ದನ್ನು ಕೊಲ್ಲುತ್ತದೆ,
ಕೊಂದು ತಾನೂ ಸಾಯುತ್ತದೆ, ತಿಂಗಳೊಳಗೆ,
ಕೆಸರಿನ ಸೂಕ್ಷ್ಮಜೀವಿಗಳ ಹೊಟ್ಟೆ ಸೇರಿ.
ಹಳೆಯದು ಕೊಲ್ಲುವುದಿಲ್ಲ,
ಬಿಡುವುದೂ ಇಲ್ಲ.

ಇಂಗ್ವಿಲ್ ಬಾಗಿಲಲ್ಲೇ ನಿಂತು ಕೇಳುತ್ತಾಳೆ:
ಯಾವುದು ಹೆಚ್ಚು ವಿಷ? ಒಂದು ಸಾಲಿನಲ್ಲಿ ಬರೆದುಕೊಡು.
ನನ್ನ ಕೋಷ್ಟಕದಲ್ಲಿ ನಲವತ್ತೆಂಟು ಗಂಟೆಗೆ ಕಾಲಂ ಇದೆ,
ನಲವತ್ತೆಂಟು ವರ್ಷಕ್ಕೆ ಇಲ್ಲ.

ಟೊರ್ಮೋಡ್‌ಗೆ ಫೋನ್ ಮಾಡಿ ಅಂಕಿ ಹೇಳಿದೆ.
ತುಸು ಹೊತ್ತು ಸುಮ್ಮನಿದ್ದ.
"ಹಾಗಾದರೆ ನಮ್ಮದೇ ಒಳ್ಳೆಯದಿತ್ತೇ?"
ದನಿಯಲ್ಲಿ ಆಸೆ ಇತ್ತು.
ಇಲ್ಲಿ ಹಿಮ ಬೀಳುತ್ತಿದೆ ಎಂದೆ.

ಸಂಜೆ ಬಲಸಾಲನ್ನು ಮೋರಿಗೆ ಸುರಿದೆ,
ಹಿಂದೆಯೇ ಬೇಕಾದಷ್ಟು ನೀರು ಬಿಟ್ಟೆ.
ಎಡಸಾಲಿಗೆ ನೀಲಿ ಡ್ರಮ್ಮು ಬೇರೆ;
ಅದು ದಕ್ಷಿಣದ ಕುಲುಮೆಗೆ ಹೋಗಬೇಕು, ಸಾವಿರದ ನೂರು ಡಿಗ್ರಿಗೆ.
ಬೆಂಕಿ ಆರಿಸಲು ಹುಟ್ಟಿದ್ದಕ್ಕೆ
ಕೊನೆಗೆ ಬೆಂಕಿಯೇ ಬೇಕು.

ಮುಚ್ಚಳ ತಿರುಗಿಸುವ ಮುಂಚೆ ಮತ್ತೊಮ್ಮೆ ಎಣಿಸಿದೆ.
ಒಂಬತ್ತೂ
ಕುಪ್ಪಳಿಸುತ್ತಿದ್ದವು.