ಹೆಬ್ಬೆಟ್ಟು

ಆರು ತಿಂಗಳು ಯಾರೂ ಕೇಳಿಕೊಂಡು ಬರಲಿಲ್ಲ.
ಇಪ್ಪತ್ತೆರಡನೇ ನಂಬರಿನ ಮೇಲಂತಸ್ತು, ಹಿಂದಿನ ಸೀಟು,
ಯಾರೋ ಮರೆತುಹೋದ ಕಪ್ಪು ಚೀಲ.
ಡಿಪೋದವರು ಹರಾಜಿಗಿಟ್ಟಾಗ
ಹನ್ನೆರಡು ಪೌಂಡಿಗೆ ಕೂಗಿದವಳು ನಾನೊಬ್ಬಳೇ.
ತೆರೆದರೆ ಮರದ ಪುಟ್ಟ ಹೊಟ್ಟೆ, ನಾಲ್ಕು ತಂತಿ,
ತೂತಿನೊಳಗೆ ಒಂದು ಹಳೇ ಟಿಕೆಟು.

"ಗಿಟಾರಿನ ಮರಿ ಐತೇನು?" ಅಂದ ಬಸವಂತ.
ಅಲ್ಲವಂತೆ. ಉಕುಲೇಲೆಗಳ ಮನೆಯಲ್ಲಿ ಇದು ದೊಡ್ಡಪ್ಪ,
ಬ್ಯಾರಿಟೋನ್ ಎಂದು ಹೆಸರು,
ಗಂಟಲು ಸರಿಮಾಡಿಕೊಂಡೇ ಮಾತಾಡುವ ಸ್ವಭಾವ.

ಇಶ್‌ಬೆಲ್ ರೆನಿ, ಎಪ್ಪತ್ತೊಂದು, ಹಿಲ್‌ಟೌನಿನ ಎಂಟನೇ ಮಹಡಿ,
ಮಂಗಳವಾರ ಸಂಜೆ ನಾಲ್ಕು. ಡಂಡೀಯಲ್ಲಿ
ಡಿಸೆಂಬರಿನ ನಾಲ್ಕೆಂದರೆ ರಾತ್ರಿಯೇ.
ಕಿಟಕಿಯಲ್ಲಿ ಟೇ ನದಿ ಇಲ್ಲ, ಸೇತುವೆ ಇಲ್ಲ,
ರೈಲಿನ ದೀಪದ ಸಾಲೊಂದು
ಏನೂ ಇಲ್ಲದರ ಮೇಲೆ ತೇಲಿಕೊಂಡು ಹೋಗುತ್ತದೆ.

"ನನಗೆ ಹಾಡಲು ಬರದು" ಅಂದೆ.
"ಒಳ್ಳೆಯದಾಯ್ತು" ಅಂದಳು. "ಹಾಡುವವರು ಕೈಗೆ ಅರ್ಧ ಸಂಬಳ ಕೊಡುತ್ತಾರೆ.
ನಿನ್ನ ಕೈಗೆ ಎರಡೂ ಪಾಳಿ."
ಅವಳ ಅವ್ವ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದವಳು.
ಮಗ್ಗದ ಗದ್ದಲಕ್ಕೆ ಕಿವಿ ಸತ್ತು
ಹೆಂಗಸರೆಲ್ಲ ತುಟಿ ಓದಿ ಕೈಯಲ್ಲೇ ಹರಟುತ್ತಿದ್ದರಂತೆ:
ಯಾರ ಗಂಡ ಕುಡಿದು ಬಂದ, ಯಾರಿಗೆ ಎಷ್ಟನೇ ತಿಂಗಳು.
"ನಾನು ಬೈಗುಳ ಕಲಿತದ್ದು ಬೆರಳುಗಳಿಂದ."

ಮೊದಲ ವಾರ ಹೆಬ್ಬೆರಳು, ಹೆಬ್ಬೆರಳು ಮಾತ್ರ.
ಡಿ, ಜಿ. ಡಿ, ಜಿ.
ಹೆಬ್ಬೆಟ್ಟು ಒತ್ತುವ ಜಾತಿಯದು, ಅಕ್ಷರ ತಿಳಿಯದು;
ಎರಡೇ ಮಾತು ಕಲಿಸಿದ್ದಕ್ಕೆ
ದಿನವಿಡೀ ಅದನ್ನೇ ಒಪ್ಪಿಸುತ್ತದೆ
ಕೆಂಪು ದೀಪದಲ್ಲಿ ಸ್ಟಿಯರಿಂಗಿನ ಮೇಲೆ,
ಸಾಸಿವೆ ಸಿಡಿಯುವವರೆಗೆ ಸೌಟಿನ ಮೇಲೆ,
ನಿದ್ದೆಯಲ್ಲಿ ಬಸವಂತನ ಬೆನ್ನ ಮೇಲೆ.

ಆಮೇಲೆ ತೋರುಬೆರಳು ಬಂತು, ನಡುಬೆರಳು ಬಂತು.
ಹೆಬ್ಬೆರಳು ಕೆಲಸ ಬಿಟ್ಟು ಅವರನ್ನೇ ನೋಡುತ್ತ ನಿಂತಿತು.
ಗದರಿ ಕಳಿಸಿದರೆ ಇವರು ತೊದಲಿದರು.
ಉಂಗುರಬೆರಳಿನದು ಬೇರೆಯೇ ಕಥೆ:
ನಡುಬೆರಳು ಎದ್ದರೆ ತಾನೂ ಏಳುತ್ತದೆ,
ಪಂಕ್ತಿಯಲ್ಲಿ ಪಕ್ಕದವನು ಎದ್ದನೆಂದು
ಪಾಯಸ ಬಿಟ್ಟು ಏಳುವವನ ಹಾಗೆ.

ಬಲಗೈಗೆ ಉಗುರು ಬಿಟ್ಟೆ, ಎಡಗೈಯದು ಬುಡಮಟ್ಟ ಕತ್ತರಿಸಿದೆ.
ಎರಡೂ ಒಬ್ಬಳದೇ ಎಂದು
ಪಾಸು ತೋರಿಸುವ ಮುದುಕ ಇನ್ನೂ ನಂಬಿಲ್ಲ.
ಎಡದ ತುದಿಗಳು ಮೊದಲು ಉರಿದವು, ಸುಲಿದವು, ಈಗ
ಬಿಸಿ ರೊಟ್ಟಿ ತಿರುವಿದರೂ ಸುದ್ದಿ ತಡವಾಗಿ ತಲುಪುತ್ತದೆ.

ನುಡಿಸುವುದು ಏನನ್ನು?
ಇಶ್‌ಬೆಲ್ ಕೊಟ್ಟ ಹಾಳೆಗಳು ನನ್ನ ಬಾಯಿಗೆ ಹತ್ತಲಿಲ್ಲ.
ನನಗೆ ಪೂರ್ತಿ ಗೊತ್ತಿದ್ದದ್ದು ಒಂದೇ:
ಬೆಳ್ಳುಳ್ಳಿ ಸುಲಿಯುವಾಗ ಬಸವಂತನ ಮೂಗಿನಲ್ಲಿ ಸುಳಿಯುವ ಧಾಟಿ,
ಮಾತಿಲ್ಲದ್ದು, ಹನ್ನೊಂದು ವರ್ಷದಿಂದ ಕೇಳುತ್ತ ಬಂದದ್ದು.
ತಾನು ಗುನುಗುತ್ತೇನೆಂಬುದು ಅವನಿಗೆ ಗೊತ್ತಿಲ್ಲ.

ಕದ್ದೆ. ಎಸಳಿಗೊಂದು ಸ್ವರ.
ಮೂರನೇ ಮನೆಯಲ್ಲಿ ಒಂದೇ ಬೆರಳಿಟ್ಟರೆ ಜಿ,
ಅಲ್ಲಿಂದ ಧಾಟಿ ಹೊರಡುತ್ತದೆ; ಸಿ-ಗೆ ತಿರುಗುವಲ್ಲಿ
ಮೇಲಿನ ದನಿ ಬೀಳದ ಹಾಗೆ
ಕೆಳಗಿನದು ನಡೆಯುತ್ತಲೇ ಇರಬೇಕು.
ತುಂಬಿದ ಬಸ್ಸು, ಹಿಲ್‌ಟೌನಿನ ಇಳಿಜಾರು,
ನಿಂತವರು ಮುಗ್ಗರಿಸದ ಹಾಗೆ ಬ್ರೇಕು ಒತ್ತುವುದು, ಅಷ್ಟೇ.
ಕಾಲಿಗೆ ಬರುತ್ತಿತ್ತು.
ಕಾಲು ಅದನ್ನು ಕೈಗೆ ಹೇಳಿಕೊಡುವಷ್ಟರಲ್ಲಿ
ಫೆಬ್ರವರಿ ಮುಗಿಯಿತು.

ಭಾನುವಾರ ಮೀಟಿದೆ, ಒಲೆಗೆ ಬೆನ್ನು ಹಾಕಿ.
ಚಾಕು ನಿಂತಿತು.
"ಇದನ್ನ ಎಲ್ಲೋ ಕೇಳೀನಿ" ಅಂದ. "ಯಾರದು?"
ಹೇಳಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ.
ಹತ್ತಿರ ಬಂದ, ಕೈತುಂಬ ಸಿಪ್ಪೆ,
ತಲೆ ವಾರೆ ಮಾಡಿ ಆಲಿಸಿದ.
"ಅಲ್ಲಿ ತಪ್ಪೈತಿ ನೋಡು. ಅದು ಕೆಳಗ ಇಳಿಯಂಗಿಲ್ಲ,
ಅಲ್ಲೇ ಒಂಚೂರು ನಿಂದರತೈತಿ."

ನಿಲ್ಲಿಸಿದೆ.
ಹೆಬ್ಬೆರಳು ಮಾತ್ರ, ಅದಕ್ಕೆ ಯಾರೂ ಹೇಳದ್ದರಿಂದ,
ಡಿ, ಜಿ, ಡಿ, ಜಿ.